ಗಾಜಿನ ಹಂಚಿಗೆ ಬಿದ್ದ ಚಪ್ಪಾಳೆ

೨೧ ಏಪ್ರಿಲ್ ೧೯೮೮, ಗುರುವಾರ. ಬೋರಗಾಂವ.

ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಹೊಸ ಶಾಲೆ ಕಟ್ಟುವ ಸಭೆಯಲ್ಲಿ ಮಾತಾಡಲು ಶಾಲೆಯಲ್ಲಿ ಕಲಿಸುವ ಅಕ್ಕೋರು ಜಿನಮತಿ, ನಾಟಕದ ಮಾಸ್ತರನಾದ ನನ್ನನ್ನೇ ಕೇಳಿಕೊಂಡಿದ್ದರು. "ನಿಮ್ಮ ಧ್ವನಿ ದೊಡ್ಡದೈತ್ರಿ ಕಾಕಾ, ನೀವ ಹೇಳ್ರಿ."

ಹೇಳಬೇಕಾದದ್ದು ಇಷ್ಟೇ. ಹಂಚಿನ ಚಾವಣಿಯೇ ಇರಲಿ, ನಡುನಡುವೆ ಗಾಜಿನ ಹಂಚು ಹಾಕಿದರೆ ಹಗಲು ದೀಪ ಬೇಡ. ಕಿಟಕಿಗಳು ಉತ್ತರ ದಕ್ಷಿಣಕ್ಕಿದ್ದರೆ ಗಾಳಿ ಆಡುತ್ತದೆ. ರಸ್ತೆಗೆ ಚೆಂದ ಕಾಣಲೆಂದು ಪಶ್ಚಿಮಕ್ಕೆ ಕಿಟಕಿ ಇಟ್ಟು ಮೇಲೆ ಸ್ಲ್ಯಾಬ್ ಹಾಕಿದರೆ ಮಧ್ಯಾಹ್ನ ಮಕ್ಕಳು ಬೇಯುತ್ತಾರೆ.

ನಾನು ಶಾಲು ಹೆಗಲಿಗೇರಿಸಿ, "ಎಲೈ ಸೂರ್ಯನೇ" ಎಂದು ನಾಟಕದ ಧಾಟಿಯಲ್ಲೇ ಶುರು ಮಾಡಿದೆ. ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ; ಹಿಂದಿನಿಂದ ಯಾರೋ "ವನ್ಸ್ ಮೋರ್" ಎಂದರು. ನಾಟಕದಲ್ಲಿ ಆ ಕೂಗು ಬಂದರೆ ಬಿಟ್ಟವನಲ್ಲ ನಾನು. ಮತ್ತೆ ಮೊದಲಿನಿಂದ ಹೇಳಿದೆ.

ಸಭೆಯ ಅಧ್ಯಕ್ಷ ಆಬಾಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಭಾರಿ ಪಾರ್ಟ್ ಮಾಡಿದ್ರಿ ಮಾಸ್ತರ. ಇರ್ಲಿ, ಈಗ ಸ್ಲ್ಯಾಬ್ ಹಾಕೂದಂತ ಬರ್ಕೊಳ್ರಿ." ಎಲ್ಲರೂ ಕೈ ಎತ್ತಿದರು.

ದಾರಿಯಲ್ಲಿ ಜಿನಮತಿ ಅಂದದ್ದು ಒಂದೇ ಮಾತು. "ಹುಡುಗೂರು ಕುದೀತಾವ ಅಂತ ಮೆಲ್ಲಕ ಅಂದಿದ್ರ ಸಾಕಿತ್ತಲ್ರಿ ಕಾಕಾ."

ಮೆಲ್ಲಗೆ ಮಾತಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಾಳೆ ಆಬಾಸಾಹೇಬರ ಮನೆಗೆ ಹೋಗಿ, ಕುಳಿತುಕೊಂಡೇ, ಶಾಲಿಲ್ಲದೆ ಹೇಳಬೇಕು. ಆದರೆ ನನ್ನ ಮುಖ ಕಂಡ ಕೂಡಲೇ ಅವರು ನಗುತ್ತಾರೆ.