ಪರಿಶೀಲಿಸಿದವರು: ನೇಝಾ

ಬ್ರನೊ
ಗುರುವಾರ, ಅಕ್ಟೋಬರ್ ೧೭

ಪ್ರೀತಿಯ ರಾದಿಮ್,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಲ್ಯುಬ್ಲಿಯಾನಾದಲ್ಲಿ ಬೆಳಗಿನ ಮಂಜು ಜಾಸ್ತಿಯಂತೆ, ನಿನ್ನ ಅಮ್ಮನಿಗೆ ಅದೇ ಚಿಂತೆ. ನೀಲಿ ಮಫ್ಲರನ್ನು ಬಾಗಿಲ ಹಿಂದೆಯೇ ಬಿಟ್ಟು ಹೋಗಿದ್ದೀಯ. ನಮ್ಮ ತಂಡದ ಓತಾಕಾರ್ ಸಂಜೆಯ ಬಸ್ಸಿಗೆ ನಿಮ್ಮ ಸಮ್ಮೇಳನಕ್ಕೆ ಹೊರಟಿದ್ದಾನೆ, ಅದನ್ನೂ ಈ ಕಾಗದವನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ. ನಾವಿಲ್ಲಿ ಆರಾಮ. ಅಮ್ಮ ಅಣಬೆ ತಂದು ದಾರಕ್ಕೆ ಪೋಣಿಸಿ ಅಡುಗೆಮನೆಯಲ್ಲಿ ಒಣಹಾಕಿದ್ದಾರೆ, ನಿನ್ನ ಅಂಗಿಗಳಿಗೂ ಅದೇ ವಾಸನೆ. ಮೇಲ್ ಬಿಟ್ಟು ಕಾಗದ ಯಾಕೆಂದು ಹುಬ್ಬೇರಿಸಬೇಡ. ನಿನಗೆ ಮೇಲ್ ಬರೆಯಲು ಕೂತರೆ ಕೈ ಅಭ್ಯಾಸದಿಂದ ನಮ್ಮ ತಂತ್ರಾಂಶ ಯೋಜನೆಯ ಸಾರ್ವಜನಿಕ ವಿಳಾಸವನ್ನೂ ಸೇರಿಸಿಬಿಡುತ್ತದೆ. ಆಮೇಲೆ ನನ್ನ ಹೊಟ್ಟೆಕಿಚ್ಚನ್ನು ಲೋಕವೆಲ್ಲ ಓದುತ್ತದೆ. ಹೌದು, ಇದು ಹೊಟ್ಟೆಕಿಚ್ಚಿನ ಕಾಗದವೇ. ಮುಚ್ಚಿಡುವ ತಾಳ್ಮೆ ನನಗಿಲ್ಲ.

ಮೊದಲು ಸಮಾಚಾರ. ನೀನು ಹೊರಡುವ ಮುನ್ನ ಅಮ್ಮನ ಹಳೇ ಲ್ಯಾಪ್‌ಟಾಪಿಗೆ, ಭಾನುವಾರ ಬಿಡುಗಡೆಯಾಗಲಿರುವ ನಮ್ಮ ಹೊಸ ಆವೃತ್ತಿಯನ್ನು ಹಾಕಿಕೊಟ್ಟು ಹೋದೆಯಲ್ಲ, ಅದು ಕೈಕೊಟ್ಟಿದೆ. ಮುಚ್ಚಳ ಮುಚ್ಚಿಟ್ಟು ಆಮೇಲೆ ತೆರೆದರೆ ಪರದೆ ಕಪ್ಪು, ಏನು ಒತ್ತಿದರೂ ಏಳುವುದಿಲ್ಲ. ಅಮ್ಮ ನನ್ನನ್ನು ಕೆಳಗೆ ಕರೆದು ತರಾಟೆಗೆ ತೆಗೆದುಕೊಂಡರು. "ಹಳೇದ್ರಲ್ಲಿ ಚೆನ್ನಾಗೇ ಏಳ್ತಿತ್ತು ಕಣೇ. ಗಂಡ ಹೆಂಡ್ತಿ ಇಬ್ರೂ ಹಗಲೂ ರಾತ್ರಿ ಅದೇ ಕೆಲಸ ಮಾಡ್ತೀರ, ಇದ್ದಿದ್ದನ್ನ ಇದ್ದಂಗೆ ಇಟ್ಕೊಳ್ಳೋಕೆ ಬರಲ್ವಾ?" ಪೋರ್ಟೊದಿಂದಲೂ ಸೋಫಿಯಾದಿಂದಲೂ ಇದೇ ದೂರು ಬಂದಿದೆ. ನೀನು ಯೋಜನೆಗೆ ಹೊಸದನ್ನು ಸೇರಿಸುವವನು. ಸೇರಿಸಿದ್ದರಿಂದ ಏನು ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ಹುಡುಕುವವಳು ನಾನು. ನಿನಗೆ ಚಪ್ಪಾಳೆ, ನನಗೆ ಎಲ್ಲರ ಮುಖ ಸಿಂಡರಿಕೆ. ಇರಲಿ, ಕೆಲಸ ಶುರು ಮಾಡಿದೆ.

ಅಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸರಿಯಿದ್ದ ಹಳೇ ಆವೃತ್ತಿಗೂ ಕೆಟ್ಟಿರುವ ಹೊಸದಕ್ಕೂ ನಡುವೆ ಸಾವಿರಾರು ಬದಲಾವಣೆಗಳಿವೆ, ಸರಿಯಾಗಿ ಮಧ್ಯದ್ದನ್ನು ಹಾಕಿ ನೋಡುತ್ತೇನೆ, ಅದು ಸರಿಯಿದ್ದರೆ ಕಳ್ಳ ಮುಂದಿನ ಅರ್ಧದಲ್ಲಿದ್ದಾನೆ, ಕೆಟ್ಟಿದ್ದರೆ ಹಿಂದಿನ ಅರ್ಧದಲ್ಲಿ, ಹೀಗೇ ಅರ್ಧ ಅರ್ಧ ಮಾಡುತ್ತಾ ಹೋದರೆ ಕೊನೆಗೆ ಒಂದೇ ಉಳಿಯುತ್ತದೆ ಎಂದು ವಿವರಿಸಿದೆ. "ಅಷ್ಟೆಲ್ಲಾ ಯಾಕೆ? ಯಾರ ಮೇಲೆ ಅನುಮಾನಾನೋ ಅವರನ್ನೇ ಮೊದ್ಲು ಹಿಡ್ಕೋಬಾರ್ದಾ?" ಎಂದರು. ಹಾಗೆ ಮಾಡುವಂತಿಲ್ಲ, ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ ಎಂದೆ. ಎರಡು ದಿನ ಇದೇ ಆಯಿತು. ಮುಚ್ಚುವುದು, ಅದು ಗಾಢವಾಗಿ ಮಲಗುವವರೆಗೆ ಕಾಯುವುದು, ತೆರೆಯುವುದು, ಸರಿ ಅಥವಾ ಕೆಟ್ಟಿದೆ ಎಂದು ಗುರುತು ಹಾಕುವುದು. ಕೊನೆಗೆ ಉಳಿದದ್ದು ನಿನ್ನದು ರಾದಿಮ್. ಬ್ಯಾಟರಿ ಉಳಿಸುವ ಆ ಬದಲಾವಣೆ, ಚಳಿಗಾಲವಿಡೀ ಕೂತು ಬರೆದು ಈ ತಿಂಗಳಷ್ಟೇ ಸೇರಿಸಿದೆಯಲ್ಲ, ಅದೇ. ಅದರ ಬುಡದಲ್ಲಿ ಎಂದಿನಂತೆ, ಬರೆದವರು: ರಾದಿಮ್. ಪರಿಶೀಲಿಸಿದವರು: ನೇಝಾ.

ಆ ಎರಡನೇ ಸಾಲು ಕಂಡರೆ ನನಗೆ ಮೈ ಉರಿಯುತ್ತದೆ. ಯಾವ ಬದಲಾವಣೆ ತೆರೆದರೂ ನಿಮ್ಮಿಬ್ಬರ ಹೆಸರು ಮದುವೆ ಕರೆಯೋಲೆಯಲ್ಲಿದ್ದಂತೆ ಒಂದರ ಕೆಳಗೊಂದು. ಲ್ಯುಬ್ಲಿಯಾನಾದ ಆ ನೇಝಾ ನಿನ್ನ ಒಂದು ಸಾಲಿಗೆ ಪುಟಗಟ್ಟಲೆ ಪ್ರಶ್ನೆ ಕೇಳುತ್ತಾಳೆ, ನೀನು ಪುಟಗಟ್ಟಲೆ ಉತ್ತರ ಕೊಡುತ್ತೀಯ. ಅವಳು ಬರೆದದ್ದನ್ನು ನೀನು ಅಕ್ಷರ ಅಕ್ಷರ ಬಿಡಿಸಿ ಓದುತ್ತೀಯ. ಕಳೆದ ತಿಂಗಳು ನಾನೂ ಒಂದು ಬದಲಾವಣೆ ಬರೆದಿದ್ದೆ. ಯಾರೂ ಮುಟ್ಟದೆ ಬಿಟ್ಟಿದ್ದ ಹಳೇ ಭಾಗವೊಂದನ್ನು ಚೊಕ್ಕಟ ಮಾಡುವ ಕೆಲಸ. ನಿನಗೆ ಕಳಿಸಿದೆ. ಸೂಪ್ ಕುಡಿಯುತ್ತಲೇ "ಚೆನ್ನಾಗಿದೆ ಬಂಗಾರ, ಹಾಕು" ಅಂದೆ, ಬಟ್ಟಲು ಖಾಲಿಯಾಗುವಷ್ಟರಲ್ಲಿ ಸಹಿಯೂ ಆಯಿತು. ಆಗ ನಾನು ಅದನ್ನು ನಂಬಿಕೆ ಎಂದುಕೊಂಡು ಉಬ್ಬಿಹೋಗಿದ್ದೆ. ಮೊನ್ನೆ ಸಮ್ಮೇಳನದವರು ಹಾಕಿದ ಫೋಟೋದಲ್ಲಿ ನೀವಿಬ್ಬರೂ ಒಂದೇ ಪರದೆಯ ಮೇಲೆ ಬಾಗಿ ಕೂತಿದ್ದಿರಿ. ನಿನ್ನ ಕತ್ತಿನಲ್ಲಿ ಒಂದು ಕೆಂಪು ಶಾಲು. ನಿನ್ನ ಬಳಿ ಕೆಂಪು ಶಾಲು ಇಲ್ಲ. ಅದು ಕೆಮ್ಮಿಗಾಗಿ ಎಂದು ನನಗೂ ಗೊತ್ತು, ಆದರೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ. ಅಮ್ಮನಿಗೂ ತೋರಿಸಿದೆ. "ಪಾಪ, ಯಾರೋ ಪುಣ್ಯಾತ್ಗಿತ್ತಿ" ಎಂದರು. ನನಗೆ ಎದ್ದು ಹೋಗುವಷ್ಟು ಸಿಟ್ಟು ಬಂತು.

ಆದ್ದರಿಂದ ಇವತ್ತು ಬೆಳಗ್ಗೆ ಎಲ್ಲರಿಗೂ ಬರೆದಿದ್ದೇನೆ, ನಿನ್ನ ಬದಲಾವಣೆಯನ್ನು ಭಾನುವಾರದೊಳಗೆ ಕಿತ್ತುಹಾಕಬೇಕೆಂದು. ನಮ್ಮಲ್ಲಿ ನಿಯಮ ಒಂದೇ: ಹಿಂದೆ ನಡೆಯುತ್ತಿದ್ದದ್ದು ಮುಂದೆಯೂ ನಡೆಯಬೇಕು, ಕೆಡಿಸಿದ್ದು ಗಂಡನಾದರೂ ಸರಿ. ನಿನ್ನ ಚಳಿಗಾಲದ ಶ್ರಮವೆಲ್ಲ ನೀರುಪಾಲಾಗುತ್ತದೆಂದು ನನಗೆ ದುಃಖವಿದೆ. ಆ ಎರಡು ಹೆಸರುಗಳೂ ಒಟ್ಟಿಗೆ ಕಿತ್ತುಹೋಗುತ್ತವೆಂದು ಸಂತೋಷವೂ ಇದೆ, ಸುಳ್ಳು ಹೇಳಲಾರೆ. ಅಮ್ಮನ ಲ್ಯಾಪ್‌ಟಾಪಿಗೆ ಸದ್ಯಕ್ಕೆ ನಿನ್ನದಕ್ಕೆ ಸರಿಯಾಗಿ ಒಂದು ಹೆಜ್ಜೆ ಮುಂಚಿನ, ನಾನು ಸರಿ ಎಂದು ಗುರುತು ಹಾಕಿದ ಆವೃತ್ತಿಯನ್ನು ಹಾಕಿಕೊಟ್ಟಿದ್ದೇನೆ. ಮಫ್ಲರ್ ಸುತ್ತಿಕೋ. ಆ ಶಾಲನ್ನು ಒಗೆದು ವಾಪಸ್ ಕೊಡು. ಅಮ್ಮನ ಆಶೀರ್ವಾದಗಳು, ನನ್ನದು ಸಿಟ್ಟಿನೊಂದಿಗೆ ಮುತ್ತು.

ನಿನ್ನ
ಹೆದ್ವಿಕಾ

ತಾ.ಕ.: ಓತಾಕಾರ್ ಬಾಗಿಲಲ್ಲಿ ನಿಂತು ಅಮ್ಮ ಕೊಟ್ಟ ಗಸಗಸೆ ಬನ್ನು ತಿನ್ನುತ್ತಾ "ಬಸ್ಸು ತಪ್ಪತ್ತೆ ಹೆದ್ವಿಕಾ, ಬೇಗ" ಅನ್ನುತ್ತಿದ್ದಾನೆ, ಗೀಚಿಬಿಡುತ್ತೇನೆ. ನಾನು ಮೇಲಿನದನ್ನು ಬರೆಯುತ್ತಿದ್ದಾಗ ಅಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾರ್ಕೆಟ್ಟಿಗೆ ಹೋಗಿ ಬಂದರು. ತೆರೆದರೆ ಕಪ್ಪು. "ನೀನು ಸರಿ ಇದೆ ಅಂದಿದ್ದು ಇದೇ ತಾನೇ?" ಎಂದರು. ಆ ಫೋಟೋ ನೋಡಿದ ಸಿಟ್ಟಿನಲ್ಲಿ ನಾನು ಈ ಒಂದನ್ನು ಮಾತ್ರ ಮುಚ್ಚಿದವಳೇ ಕಾಯದೆ ತೆರೆದಿದ್ದೆ, ಅದು ಮಲಗಿಯೇ ಇರಲಿಲ್ಲ. ಒಂದು ತಪ್ಪು ಗುರುತು ಬಿದ್ದರೆ ಹುಡುಕಾಟವೆಲ್ಲ ತಪ್ಪು ಅರ್ಧಕ್ಕೆ ಹೋಗುತ್ತದೆ, ನಿನಗೆ ಹೇಳಬೇಕೇ? ಉಳಿದದ್ದು ಕೆಲವೇ, ಮಧ್ಯಾಹ್ನವೆಲ್ಲ ಕೂತು ಅಲ್ಲಿಂದ ಮತ್ತೆ ಹುಡುಕಿದೆ. ಸಿಕ್ಕಿದ್ದು, ಬರೆದವರು: ಹೆದ್ವಿಕಾ. ಪರಿಶೀಲಿಸಿದವರು: ರಾದಿಮ್. ಸೂಪಿನ ಹೊತ್ತಿನದು. ನಿನ್ನದರಲ್ಲಿ ಯಾವ ದೋಷವೂ ಇಲ್ಲ, ಅದು ಭಾನುವಾರ ಹೊರಡಲಿ ಎಂದು ಎಲ್ಲರಿಗೂ ಬರೆದು ತಪ್ಪೊಪ್ಪಿಕೊಂಡಿದ್ದೇನೆ. ನನ್ನದನ್ನು ಸರಿಪಡಿಸಿ ನಿನಗೆ ಕಳಿಸಿದ್ದೇನೆ, ಕೆಳಗೆ ಪರಿಶೀಲಿಸಿದವರ ಜಾಗ ಖಾಲಿ ಇದೆ. ಈ ಸಲ ಅವಳದ್ದನ್ನು ಓದುವ ಹಾಗೆ ನನ್ನದನ್ನು ಓದು. ಯಂತ್ರಕ್ಕೆ ಏನೂ ಆಗದ, ಆದರೆ ಓದಿದವನ ಕಣ್ಣಿಗೆ ಬೀಳಲೇಬೇಕಾದ ಒಂದು ತಪ್ಪನ್ನು ಅದರಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಹಿಡಿದು ನೀನು ನನ್ನನ್ನು ಬೈದು ಬರೆಯುವವರೆಗೂ ಇಲ್ಲಿಂದ ಏಳುವುದಿಲ್ಲ.