ಹಿಂದಿನ ಸೀಟಿನಲ್ಲಿ ಅತ್ತೆ

ರೀ,

ನಾನು ಡ್ಯೂಟಿಗೆ ಹೊರಟೆ. ಹತ್ತು ಗಂಟೆಗೆ ನಾವು ಕೊಳ್ಳಲು ನೋಡುತ್ತಿರುವ ಎರಡನೆಯ ಹಳೇ ಕಾರು ಓಡಿಸಿ ನೋಡಲು ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ನೀವು ಬಣ್ಣ ಹೊಗಳುತ್ತ ಕೂರಬೇಡಿ.

ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣಗಾಗುವವರೆಗೆ ಕಾದು, ಆಮೇಲೆ ಸ್ಟಾರ್ಟ್ ಮಾಡಿ; ಎಂಜಿನ್ನಿನ ದೋಷ ತಣ್ಣಗಿದ್ದಾಗಲೇ ಗೊತ್ತಾಗುವುದು. ನುಣುಪು ರಸ್ತೆ ಬಿಟ್ಟು ನಮ್ಮ ಗುಂಡಿ ಬಿದ್ದ ಓಣಿಗೇ ತನ್ನಿ.

ನಿನ್ನೆ ಮೊದಲ ಕಾರಿನಲ್ಲಿ ಮಾರುವವನು ರೇಡಿಯೋ ಜೋರು ಮಾಡಿದಾಗ ಅತ್ತೆ, "ಹಾಡು ನಿಲ್ಸಪ್ಪಾ, ಗಾಡಿ ಏನೋ ಹೇಳ್ತಿದೆ" ಅಂದರು. ಕಣ್ಣು ಮುಚ್ಚಿಕೊಂಡು, "ಬಲಗಡೆ ಹಿಂದಿನ ಚಕ್ರ ನರಳ್ತಿದೆ" ಅಂದರು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿತ್ತು. ನಲವತ್ತು ವರ್ಷ ಹೊಲಿಗೆ ಮೆಷಿನ್ ಮುಂದೆ ಪಳಗಿದ ಕಿವಿ.

ಅವರು ಹೂಂ ಅಂದರಷ್ಟೇ ಸಹಿ ಹಾಕಿ.

ಇಂಥ ಕಿವಿಯವರು ಹನ್ನೊಂದು ವರ್ಷದಿಂದ ಅಡುಗೆಮನೆಯ ನನ್ನ ಗೊಣಗಾಟ ಮಾತ್ರ ಕೇಳಿಸಲೇ ಇಲ್ಲ ಅನ್ನುತ್ತಾರಲ್ಲ, ನೆನೆದರೆ ಮೈ ಜುಮ್ಮೆನ್ನುತ್ತದೆ.