ಸಂಜೆಯ ಒಂದು ಗಂಟೆ

ಬನ್ನಂಜೆ, ಉಡುಪಿ
14-9-2003

ಪ್ರೀತಿಯ ಮೌರಿಸ್,

ನೀನು ಮಸ್ಕತ್ತಿನಿಂದ ಬರೆದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಬೈಯಬೇಡ. ಮೊನ್ನೆ ಶಿರ್ವಕ್ಕೆ ಹೋಗಿದ್ದೆ. ನಿನ್ನ ಅಮ್ಮ ಚೆನ್ನಾಗಿದ್ದಾರೆ, ಮೊಣಕಾಲಿನ ನೋವು ಮಾತ್ರ ಬಿಟ್ಟಿಲ್ಲ.

ನಾವು ಕಾಲೇಜಿನಲ್ಲಿದ್ದಾಗ ನಿನ್ನ ಅಪ್ಪ ಗಲ್ಫಿನಿಂದ ತಂದ ಪುಟ್ಟ ಕಂಪ್ಯೂಟರನ್ನು ನಿಮ್ಮ ಅಟ್ಟದಿಂದ ಒಯ್ದಿದ್ದೆನಲ್ಲ, ಅದು ಏಪ್ರಿಲ್‌ನಲ್ಲಿ ಸರಿಯಾಯಿತು. ಟಿವಿಗೆ ಜೋಡಿಸಿ ಟೇಪ್‌ರೆಕಾರ್ಡರಿಗೆ ಆಟದ ಕ್ಯಾಸೆಟ್ ಹಾಕಿದೆ. ಅದೇ ಕಿರಿಚುವ ಸದ್ದು, ಪರದೆಯ ಸುತ್ತ ಅದೇ ನೀಲಿ-ಹಳದಿ ಪಟ್ಟಿಗಳ ಓಟ. ಐದು ನಿಮಿಷ ಕಾದ ಮೇಲೆ ನಮ್ಮ ಹಳೆಯ ಆಟ ಬಂತು! ದಿನಾ ಮಲ್ಪೆಯ ಐಸ್ ಪ್ಲಾಂಟಿನ ಕೆಲಸ ಮುಗಿಸಿ ಬಂದವನು ಅಂಗಿಯನ್ನೂ ಬಿಚ್ಚದೆ ಅದರ ಮುಂದೆ ಕೂರತೊಡಗಿದೆ.

ಕುಶಲಾ ಜಗಳವಾಡಲಿಲ್ಲ. "ಸಂಜೆ ಒಂದು ಗಂಟೆ ಆಡಿ. ಆದರೆ ಮಗಳನ್ನು ಜೊತೆಗೆ ಕೂರಿಸಿಕೊಳ್ಳಿ. ಅವಳಿಗೂ ಅಪ್ಪ ಬೇಕಲ್ವಾ?" ಎಂದಳು. ಸೌಮ್ಯಶ್ರೀಗೆ ಈಗ ಏಳು ವರ್ಷ. ನನ್ನ ತೊಡೆಯೇರಿ ಕೂತು ಕೀಲಿ ಒತ್ತುತ್ತಿದ್ದಳು. ಮನೆಯಲ್ಲಿ ಅಷ್ಟು ನಗು ಕೇಳಿ ಎಷ್ಟು ಕಾಲವಾಗಿತ್ತು ಮಾರಾಯ.

ಆಗಸ್ಟ್ ಕೊನೆಯ ಒಂದು ಸಂಜೆ, ಪಟ್ಟಿಗಳು ಓಡುತ್ತಿರುವಾಗಲೇ ಅವಳ ಕುತ್ತಿಗೆ ಒಂದು ಕಡೆಗೆ ತಿರುಗಿ ನಿಂತಿತು. ಮೈ ಸೆಟೆದು ನೆಲಕ್ಕೆ ಬಿದ್ದಳು. ಕೈಕಾಲು ಬಡಿಯತೊಡಗಿದಳು. ಕುಶಲಾ ಅಡುಗೆಮನೆಯಿಂದ ಓಡಿ ಬಂದು, "ಎಂತ ಆಯಿತು? ಎಂತ ಆಯಿತು?" ಎಂದು ಕೂಗಿದಳು. ರಿಕ್ಷಾ ಹಿಡಿದು ಮಣಿಪಾಲಕ್ಕೆ ಹೋದೆವು.

"ಫಿಟ್ಸ್ ಬಂದದ್ದು. ಕೆಲವು ಮಕ್ಕಳಿಗೆ ಮಿನುಗುವ ಬೆಳಕು ಆಗುವುದಿಲ್ಲ. ಇದು ಮೊದಲ ಸಲವಾ?" ಎಂದು ಡಾಕ್ಟರು ಕೇಳಿದರು.

ಕುಶಲಾ ನನ್ನ ಮುಖ ನೋಡಿದಳು. "ಹೌದು" ಎಂದೆ.

"ಹಾಗಾದರೆ ಈಗಲೇ ಮಾತ್ರೆ ಬೇಡ. ಕಾದು ನೋಡುವ. ಇನ್ನೊಮ್ಮೆ ಬಂದರೆ ಶುರು ಮಾಡುವ."

ಅಂದಿನಿಂದ ಕಂಪ್ಯೂಟರ್ ಗೋಣಿಯಲ್ಲಿದೆ. ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಬರುವ ಶನಿವಾರ ಶಾಲೆಯಿಂದ ಮಕ್ಕಳನ್ನೆಲ್ಲ ಕಾಪುವಿನ ಕಡಲತೀರಕ್ಕೆ ಕರೆದೊಯ್ಯುತ್ತಾರಂತೆ. ನೀರಿಗಿಳಿಯಬೇಕೆಂದು ಈಗಲೇ ಕುಣಿಯುತ್ತಿದ್ದಾಳೆ. ನನಗೆ ಊಟ ಸೇರುತ್ತಿಲ್ಲ.

ನೀನು ಕಳಿಸುತ್ತೇನೆಂದ ಜಾಯ್‌ಸ್ಟಿಕ್ ಬೇಡ. ನಿನ್ನ ಮಕ್ಕಳನ್ನು ದೇವರು ಕಣ್ಣಲ್ಲಿಟ್ಟು ಕಾಯಲಿ.

ನಿನ್ನ
ದೇವದಾಸ

ತಾ.ಕ.: ಅದು ಮೊದಲ ಸಲವಲ್ಲ ಮೌರಿಸ್. ಜುಲೈಯಲ್ಲಿ ಎರಡು ಸಲ, ಕುಶಲಾ ಮನೆಯಲ್ಲಿಲ್ಲದಾಗ, ಮಗಳು ನನ್ನ ತೊಡೆಯ ಮೇಲೆಯೇ ಹೀಗೆ ಸೆಟೆದುಕೊಂಡಿದ್ದಳು. ಒಂದು ನಿಮಿಷದಲ್ಲಿ ಸರಿಯಾದಳು. ಹೇಳಿದರೆ ಆಟ ನಿಲ್ಲುತ್ತದೆಂದು ಮುಖ ತೊಳೆಸಿ, "ಅಮ್ಮನಿಗೆ ಹೇಳಬೇಡ" ಎಂದೆ. ಅವಳು ಇವತ್ತಿನವರೆಗೂ ಹೇಳಿಲ್ಲ.

ಕುಶಲಾ ಈಗ ಬಾಗಿಲಲ್ಲಿ ನಿಂತು, "ಅಷ್ಟುದ್ದ ಎಂತ ಬರೆಯುವುದು?" ಎಂದು ಕೇಳುತ್ತಿದ್ದಾಳೆ. ಕಾಗದವನ್ನು ಓದಲು ಅವಳ ಕೈಗೇ ಕೊಡುತ್ತಿದ್ದೇನೆ. ನಿನಗೆ ತಲುಪಿದರೆ, ಅವಳೇ ಅಂಚೆಗೆ ಹಾಕಿದ್ದಾಳೆಂದು ತಿಳಿ.